ಸಿನೆಮಾದವರು ತೋರಿಸದ ಅರ್ಧ ತಾಸು

ನಮ್ಮ ಅತ್ತೆ ಗಿರಿಜಾಬಾಯಿಯವರ ಪಕ್ಕದಲ್ಲಿ ಕೂತು ಕೊಲೆಯ ಸಿನೆಮಾ ನೋಡಬೇಕಾದರೆ ಬಹಳ ಸಹನೆ ಬೇಕು. ನನಗೆ ಅದಿಲ್ಲ. ಹೆಣ ಬಿದ್ದು ಐದು ನಿಮಿಷ ಆಗಿರುವುದಿಲ್ಲ, ಇವರು ಸೋಫಾದ ಮೇಲೆ ಕಾಲು ಮಡಚಿ ಕೂತು ಹೀರೇಕಾಯಿ ಹೆರೆಯುತ್ತ, "ತಮ್ಮನ ಹೆಂಡ್ತಿನ ಮಾಡ್ಯಾಳ, ಬರ್ಕೊ" ಎಂದುಬಿಡುತ್ತಾರೆ. ಎರಡು ತಾಸಿನ ನಂತರ ತಮ್ಮನ ಹೆಂಡತಿ ಬೇಡಿ ಹಾಕಿಸಿಕೊಂಡು ಜೀಪು ಹತ್ತುತ್ತಾಳೆ. ನನ್ನ ಭಾನುವಾರ ಹಾಳಾಗುತ್ತದೆ.

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಾಲ್ಕು ಮನೆಗಳ ಹಳೆಯ ಕಟ್ಟಡವೊಂದಿದೆ. ಅದರಲ್ಲಿ ನಮ್ಮದು ಕೆಳಗಿನ ಮನೆ. ಮಾವ ಅಮೃತಪ್ಪನವರು ರಾಯಚೂರಿನ ಕಡೆಯಿಂದ ಬಂದು ಬೇಗಂ ಬಜಾರಿನಲ್ಲಿ ಸ್ಟೀಲಿನ ಪಾತ್ರೆ ಅಂಗಡಿ ಇಟ್ಟವರು. ಈಗ ಅದನ್ನು ನನ್ನ ಗಂಡ ವಿಜಯಕುಮಾರ ನೋಡಿಕೊಳ್ಳುತ್ತಾರೆ, ನಾನು ಅಬಿಡ್ಸ್‌ನ ಒಂದು ವಿಮಾ ಕಚೇರಿಗೆ ಹೋಗುತ್ತೇನೆ. ಅತ್ತೆಗೆ ಈ ಪತ್ತೇದಾರಿ ಹುಚ್ಚು ಹಿಡಿಸಿದವರು ಮಾವನೇ. ಮದುವೆಯಾದ ಹೊಸದರಲ್ಲಿ ಭಾನುವಾರ ಅಂಗಡಿ ಮುಚ್ಚಿ ಹೆಂಡತಿಯನ್ನು ಮ್ಯಾಟಿನಿಗೆ ಕರೆದೊಯ್ಯುತ್ತಿದ್ದರಂತೆ. ವಾರವೆಲ್ಲ ದುಡಿದ ಮನುಷ್ಯ ಇಂಟರ್ವಲ್ ಆದೊಡನೆ ನಿದ್ದೆಹೋಗುತ್ತಿದ್ದರು. ಕೊಂದವರು ಯಾರು, ಸಿಕ್ಕಿಬಿದ್ದದ್ದು ಹೇಗೆ ಎಂಬುದನ್ನು ರಿಕ್ಷಾದಲ್ಲಿ ಮನೆ ಮುಟ್ಟುವಷ್ಟರಲ್ಲಿ ಅತ್ತೆ ಹೇಳಿ ಮುಗಿಸಬೇಕು. "ನಿಮ್ಮ ಮಾವ ಸಿನೆಮಾ ನೋಡಲೇ ಇಲ್ಲ. ನನ್ನ ಬಾಯಿಂದ ಕೇಳ್ಯಾರ" ಎಂದು ಈಗಲೂ ನಗುತ್ತಾರೆ.

ಈಗ ಟಿವಿಯಲ್ಲಿ ಹಿಂದಿ, ತೆಲುಗು, ಹಿಮ ಬೀಳುವ ಯಾವುದೋ ದೇಶದ ಡಬ್ಬಿಂಗ್ ಸೀರಿಯಲ್ಲು ಎಲ್ಲವೂ ಸಿಗುತ್ತವೆ. ಅತ್ತೆಗೆ ಎಲ್ಲದರ ಮೇಲೂ ಅಭಿಪ್ರಾಯ ಉಂಟು. ಕೂಗಾಡುವ ಇನ್‌ಸ್ಪೆಕ್ಟರನ್ನು ಕಂಡರೆ ಆಗದು. "ಕಾಯ್ಕು ಚಿಲ್ಲಾರಾ ರೇ", ಯಾಕೋ ಕಿರುಚ್ತೀ, ಎಂದು ಇಲ್ಲಿಯ ಹಿಂದಿಯಲ್ಲಿ ಟಿವಿಗೇ ಗದರುತ್ತಾರೆ. ಹಿಮದ ದೇಶದ ಪತ್ತೇದಾರರೆಲ್ಲ ಉದ್ದ ಕೋಟು ಹಾಕಿ ಮುಖ ಗಂಟಿಕ್ಕಿಕೊಂಡು ಒಬ್ಬರೇ ತಿರುಗುತ್ತಾರಲ್ಲ, ಅದಕ್ಕೆ ಇವರು ಕೊಟ್ಟ ಕಾರಣ ಒಂದೇ: "ಪಾಪ, ಅವಂಗ ಯಾಳ್ಯಾಕ್ ಸರಿ ಊಟ ಹಾಕವ್ರಿಲ್ಲ." ಅವರ ದೊಡ್ಡ ತಕರಾರೆಂದರೆ ಯಾವ ಪತ್ತೇದಾರನೂ ಅಡುಗೆಮನೆಗೆ ಹೋಗುವುದಿಲ್ಲ. ಹೆಣ ಇದ್ದ ಕೋಣೆಯಲ್ಲಿ ಭೂತಗನ್ನಡಿ ಹಿಡಿದು ಕೂದಲು ಹುಡುಕುತ್ತಾನೆ, ಒಲೆಯ ಮೇಲಿನ ಹಾಲು ಯಾರಿಗಾಗಿ ಕಾದಿತ್ತು ಎಂದು ಕೇಳುವುದಿಲ್ಲ. ಇಷ್ಟೆಲ್ಲವನ್ನೂ ಅವರು ಸಹಿಸುತ್ತಾರೆ. ಸಹಿಸದೇ ಇರುವುದು ಒಂದೇ. ಕೊನೆಗೆ ತನಿಖೆ ಮಾಡುವವನೇ ಕಳ್ಳ ಎಂದು ತೋರಿಸಿದರೆ ರಿಮೋಟು ಒಗೆದು ಎದ್ದುಬಿಡುತ್ತಾರೆ. "ಇದು ಮೋಸ. ನಂಬಿ ಕುಂತವರ ಕುತ್ಗಿ ಕೊಯ್ಯೂದು" ಎನ್ನುತ್ತಾರೆ. ಆ ದಿನ ರಾತ್ರಿ ಊಟದಲ್ಲಿ ಉಪ್ಪು ಹೆಚ್ಚು.

ಮಾವ ಹೋದ ಮೇಲೆ ಒಂದು ವರ್ಷ ಅತ್ತೆ ಟಿವಿಯ ಮೇಲೆ ಹೊದಿಕೆ ಹಾಕಿಬಿಟ್ಟಿದ್ದರು. ಅದನ್ನು ತೆಗೆಸಿದವಳು ರೇಣುಕಾ. ನಮ್ಮ ಕಟ್ಟಡದ ನಾಲ್ಕೂ ಮನೆಗಳಲ್ಲಿ ಕಸ, ನೆಲ, ಪಾತ್ರೆ ಮಾಡುವವಳು. ಯಾದಗಿರಿ ಕಡೆಯವಳು, ಗಂಡ ಹಂಪಯ್ಯ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಒಂದು ಮಧ್ಯಾಹ್ನ ನಾನು ಸುಮ್ಮನೆ ಟಿವಿ ಹಚ್ಚಿದ್ದೆ. ನೆಲ ಒರೆಸುತ್ತಿದ್ದ ಅವಳು ಬಟ್ಟೆ ಕೈಯಲ್ಲಿ ಹಿಡಿದೇ ನಿಂತು, "ಅವ್ವಾರ, ಇವನ ಏನ್ರಿ ಕೊಂದಾಂವ?" ಎಂದಳು. ಒಳಗಿನ ಕೋಣೆಯಿಂದ ಅತ್ತೆ ಹೊರಗೆ ಬಂದು, ಅರ್ಧ ನಿಮಿಷ ನೋಡಿ, "ಇವ ಅಲ್ಲ. ಇಂವಂಗ ಅಷ್ಟು ಧೈರ್ಯ ಎಲ್ಲೈತಿ" ಎಂದು ಕೂತರು. ವರ್ಷದ ಮೇಲೆ ಅವರ ದನಿಯಲ್ಲಿ ಜೀವ ಬಂದದ್ದು ಅಂದು. ನನಗೆ ಅಳುವೇ ಬಂತು.

ಅಂದಿನಿಂದ ದಿನವೂ ಮಧ್ಯಾಹ್ನ ಮೂರಕ್ಕೆ ಎಲ್ಲ ಮನೆಗಳ ಕೆಲಸ ಮುಗಿಸಿ ರೇಣುಕಾ ಬರುತ್ತಾಳೆ, ಇಬ್ಬರೂ ಚಹಾ ಕುಡಿಯುತ್ತ ಕಳ್ಳರನ್ನು ಹಿಡಿಯುತ್ತಾರೆ. ಅತ್ತೆಗೆ ಎದುರು ಮಾತಾಡುವ ಧೈರ್ಯ ಇಡೀ ಕಟ್ಟಡದಲ್ಲಿ ಅವಳೊಬ್ಬಳಿಗೇ. ಒಮ್ಮೆ ಯಾವುದೋ ಸಿನೆಮಾದಲ್ಲಿ ಹಾರ ಕಳೆದು ಪೊಲೀಸರು ಕೆಲಸದವಳನ್ನು ಎಳೆದೊಯ್ದರು. ಅತ್ತೆ, "ಈಕಿ ಅಲ್ಲ, ನೋಡ್ತಿರು, ಅರ್ಧ ತಾಸಿನ್ಯಾಗ ಬಿಡ್ತಾರ" ಎಂದರು.

"ಬಿಡ್ತಾರ್ರಿ, ಗೊತ್ತೈತಿ. ಯಾವಾಗ್ಲೂ ಮೊದಲ ಕೆಲಸದಾಕಿನ್ನ ಹಿಡೀತಾರ, ಆಮ್ಯಾಲ ಬಿಡ್ತಾರ" ಎಂದಳು ರೇಣುಕಾ. "ಆ ಅರ್ಧ ತಾಸು ಆಕಿ ಮನ್ಯಾಗ ಏನ್ ನಡೀತದ ಅಂತ ಯಾರೂ ತೋರ್ಸಂಗಿಲ್ಲ ನೋಡ್ರಿ."

ಅತ್ತೆ ಮುಂದಿನ ದೃಶ್ಯದಲ್ಲಿ ಮುಳುಗಿದ್ದರು. ನಾನೂ ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಕಳೆದ ವರ್ಷ ಗಣಪತಿ ಕಳಿಸಿದ ವಾರಕ್ಕೆ ನನ್ನ ನಾದಿನಿ ಅನುರಾಧಾ ರಾಯಚೂರಿನಿಂದ ಬಂದಳು. ಅವಳ ಮಗಳಿಗೆ ಮದುವೆ ಗೊತ್ತಾಗಿತ್ತು. ಹುಡುಗಿಗೆ ಅಜ್ಜಿಯ ಬುಗುಡಿ ಹಾಕಿಸಬೇಕೆಂದು ಆಸೆ. ಕಿವಿಯ ಮೇಲಂಚಿಗೆ ಹಾಕುವ ಆ ಮುತ್ತಿನ ಬುಗುಡಿ ಅತ್ತೆಗೆ ಅವರ ತಾಯಿಯಿಂದ ಬಂದದ್ದು. ಅತ್ತೆ ಅಲ್ಮೇರಾ ತೆಗೆದು ಸ್ಟೀಲಿನ ಡಬ್ಬಿ ಬಿಚ್ಚಿದರು. ಡಬ್ಬಿ ಖಾಲಿ ಇತ್ತು.

ಮನೆಯೆಲ್ಲ ಹುಡುಕಿದೆವು. ಅನುರಾಧಾ ವರಾಂಡದಲ್ಲಿ ನಿಂತು ಇಡೀ ಕಟ್ಟಡಕ್ಕೆ ಕೇಳಿಸುವಂತೆ, "ಹೊರಗಿನವರ ಕೈ ಆಡೂ ಮನ್ಯಾಗ ಬಂಗಾರ ಇಡಬಾರ್ದು" ಎಂದಳು. ಹೊರಗಿನವರು ಅಂದರೆ ಯಾರು ಎಂದು ಯಾರೂ ಕೇಳಲಿಲ್ಲ. ನಾನಾದರೂ ಸುಮ್ಮನಿದ್ದೆನೇ? ಮರುದಿನ ರೇಣುಕಾ ಬಂದಾಗ ಬಹಳ ಮೆತ್ತಗೆ, "ಅಲ್ಮೇರಾ ಒರಸುವಾಗ ಏನರ ಕಂಡಿತ್ತೇನವಾ?" ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಒರೆಸುವ ಬಟ್ಟೆ ಹಿಂಡಿ ಬಕೀಟಿನ ಅಂಚಿಗೆ ಹಾಕಿ ಹೊರಟುಹೋದಳು. ಸಂಜೆಯೊಳಗೆ ಎದುರು ಮನೆಯ ಗುರುದೇವಿ, ಮೇಲಿನ ತೆಲುಗಿನವರು ಇಬ್ಬರೂ ಅವಳಿಗೆ ನಾಳೆಯಿಂದ ಬರಬೇಡ ಎಂದಿದ್ದರು. ಒಂದು ಕಟ್ಟಡದಲ್ಲಿ ಕಳ್ಳಿ ಅನ್ನಿಸಿಕೊಂಡವಳಿಗೆ ಈ ಗಲ್ಲಿಯಲ್ಲೇ ಕೆಲಸ ಸಿಗುವುದಿಲ್ಲ. ಇನ್ನು ಊರಿಗೆ ಹೋಗುವುದೊಂದೇ ಅವಳಿಗೆ ಉಳಿದ ದಾರಿ.

ಅತ್ತೆ ಎರಡು ದಿನ ಟಿವಿ ಹಚ್ಚಲಿಲ್ಲ. ಮೂರನೆಯ ದಿನ ಖಾಲಿ ಡಬ್ಬಿ ಮುಂದಿಟ್ಟುಕೊಂಡು ನಮ್ಮೆಲ್ಲರನ್ನೂ ಕರೆದು ಕೂರಿಸಿದರು. "ಇದ್ರಾಗ ಬುಗುಡಿ ಗುಲಾಬಿ ಕಾಗದದಾಗ ಸುತ್ತಿ ಇಟ್ಟಿದ್ನಿ. ಈಗ ಕಾಗದನೂ ಇಲ್ಲ, ಡಬ್ಬೀ ಕೊಂಡಿ ಬರೋಬ್ಬರಿ ಹಾಕೇತಿ. ಕಳ್ಳ ಆದಂವ ಕಾಗದ ಬಿಚ್ಚಿ ನೋಡ್ತಾನ, ಅಲ್ಲೇ ಒಗೀತಾನ. ಕಾಗದ ಸಮೇತ ಹೋಗೇತಿ ಅಂದ್ರ ಜೋಪಾನ ಮಾಡಾಕ ಒಯ್ದಾರ. ಇದು ಮನ್ಯಾನವರ ಕೆಲಸ. ರೇಣುಕಾಂದಲ್ಲ."

ಮೊದಲು ವಿಜಯಕುಮಾರರ ವಿಚಾರಣೆ ನಡೆಯಿತು. ಅಂಗಡಿಗೆ ಹೊರಟವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಅರ್ಧ ತಾಸು ಉತ್ತರ ಕೊಟ್ಟರು. ಆಮೇಲೆ ನನ್ನದು. ಅಲ್ಮೇರಾಕ್ಕೆ ಕಡೆಯ ಬಾರಿ ಕೈ ಹಾಕಿದ್ದು ಯಾವಾಗ, ಯಾವ ಸೀರೆಗೆ, ಆ ಸೀರೆ ಉಟ್ಟು ಎಲ್ಲಿಗೆ ಹೋದೆ? ನನಗೆ ಮೈಯೆಲ್ಲ ಉರಿಯಿತು. "ಅತ್ತಿ, ನಮ್ಮನ್ನ ಕೇಳೂದು ಬಿಟ್ಟು ನಿಮ್ಮನ್ನ ಯಾರು ಕೇಳ್ಬೇಕು?" ಎಂದುಬಿಟ್ಟೆ.

ಅತ್ತೆ ಎದ್ದು ಒಳಗೆ ಹೋಗಿ ಒಬ್ಬರೇ ಕೂತರು. ಒಂದು ತಾಸಿನ ನಂತರ ನನ್ನನ್ನು ಕರೆದಾಗ ಅವರ ಮುಖ ಬಿಳುಚಿಕೊಂಡಿತ್ತು.

ಆಗಿದ್ದು ಇಷ್ಟು. ಯಾವ ಸಿನೆಮಾದಲ್ಲಿ ಬಚ್ಚಿಡುವ ಹೊಸ ಜಾಗ ಕಂಡರೂ ಅತ್ತೆ ಬುಗುಡಿಯನ್ನು ಅಲ್ಲಿಗೆ ಬದಲಿಸುತ್ತಿದ್ದರು. ಒಮ್ಮೆ ಜೋಳದ ಡಬ್ಬಿ, ಒಮ್ಮೆ ದೇವರ ಫೋಟೋದ ಹಿಂದೆ, ಮತ್ತೆ ವಾಪಸು ಸ್ಟೀಲಿನ ಡಬ್ಬಿ. ಯುಗಾದಿಗೆ ನಾವೆಲ್ಲ ರಾಯಚೂರಿಗೆ ಹೋಗುವ ಮುಂಚೆ ನೋಡಿದ ಕಥೆಯಲ್ಲಿ ಒಬ್ಬ ವಜ್ರವನ್ನು ಗಾಜಿನ ಮಣಿಗಳ ರಾಶಿಯಲ್ಲಿ ಎಲ್ಲರ ಕಣ್ಣೆದುರೇ ಇಟ್ಟಿದ್ದನಂತೆ. ಅತ್ತೆ ಬುಗುಡಿಯನ್ನು ಕಾಗದ ಸಮೇತ ಒಂದು ಹಸಿರು ಖಣದ ಮಡಿಕೆಯಲ್ಲಿ ತೂರಿಸಿ, ಅದರ ಪ್ಲಾಸ್ಟಿಕ್ ಕವರಿಗೆ ಮತ್ತೆ ಪಿನ್ನು ಹೊಡೆದು, ಖಣಗಳ ರಾಶಿಯ ತಳದಲ್ಲಿಟ್ಟರು, ಊರಿಂದ ಬಂದ ಮೇಲೆ ಮರೆತುಬಿಟ್ಟರು.

ಆ ರಾಶಿ ನಮ್ಮ ಕಡೆಯ ಎಲ್ಲರ ಮನೆಯಲ್ಲೂ ಇರುತ್ತದೆ. ಮುತ್ತೈದೆಯರಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಒಂದು ರವಿಕೆಯ ಖಣ ಇಡಬೇಕು. ಹಾಗೆ ಬಂದ ಖಣವನ್ನು ಯಾರೂ ಹೊಲಿಸುವುದಿಲ್ಲ, ಕವರು ಬಿಚ್ಚದೆ ಇನ್ನೊಬ್ಬರ ಉಡಿಗೆ ದಾಟಿಸುತ್ತಾರೆ. ಕೊಟ್ಟವರಿಗೇ ತಿರುಗಿ ಹೋದರೆ ಮಾನ ಹೋಗುತ್ತದೆಂದು ಕವರಿನ ಮೂಲೆಯಲ್ಲಿ ಕೊಟ್ಟವರ ಹೆಸರನ್ನು ಬಾಲ್‌ಪೆನ್ನಿನಲ್ಲಿ ಬರೆದಿಡುತ್ತಾರೆ. ಮಾವ ಹೋದಮೇಲೆ ಅತ್ತೆ ಉಡಿ ತುಂಬುವುದಿಲ್ಲ, ಅದು ನನ್ನ ಪಾಲಿನ ಕೆಲಸ. ನಾನು ಯಾವಾಗಲೂ ಮೇಲಿನ ಖಣ ತೆಗೆಯುತ್ತೇನೆ, ತಳಕ್ಕೆ ಕೈ ಹಾಕುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಆದರೆ ಮಹಡಿಯ ನಳಿನಿಗೆ ಉಡಿ ತುಂಬುವಾಗ ಮೇಲಿನ ಐದೂ ಖಣಗಳ ಮೇಲೆ ನಳಿನಿಯ ಹೆಸರೇ ಇತ್ತು. ನಾನು ತಳದ ಹಸಿರು ಖಣ ಎಳೆದು ಕೊಟ್ಟಿದ್ದೆ.

"ಆ ಹಸರದ್ದೇನು?" ಎಂದರು ಅತ್ತೆ.

"ಹೂಂ, ಹಸರದ್ದ" ಎಂದೆ.

ಇಬ್ಬರೂ ಮೇಲೆ ಹೋದೆವು. ನಳಿನಿ ಮುಖ ಕೆಂಪಗೆ ಮಾಡಿಕೊಂಡು, "ಅದು ಏನಾತಂದ್ರ ಬಾಯಾರ, ನನ್ನ ಹಂತೇಕ ಹಸರು ಭಾಳ ಇದ್ದವು" ಎಂದು ಶುರುಮಾಡಿದಳು. ಅಂದರೆ ಆಷಾಢದಲ್ಲಿ ಅದನ್ನು ಗುರುದೇವಿಯ ಉಡಿಗೆ ಹಾಕಿದ್ದಳು. ಗುರುದೇವಿಯ ಬಾಗಿಲು ತಟ್ಟಿದೆವು. ಆಕೆ ನಳಿನಿಯನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿ, "ನನ್ನ ಹತ್ರ ಇಲ್ರಿ. ಪಂಚಮಿಗೆ ತವರಿಗೆ ಹೊಂಟಿದ್ಲಲ್ಲ, ರೇಣುಕಾಗ ಉಡಿ ತುಂಬಿದ್ನಿ. ಅದನ್ನ ಕೊಟ್ಟೆ" ಎಂದಳು.

ಅಷ್ಟರಲ್ಲಿ ಅನುರಾಧಾ, ನನ್ನ ಗಂಡ ಇಬ್ಬರೂ ವರಾಂಡಕ್ಕೆ ಬಂದಿದ್ದರು. ಮೊದಲು ಬಾಯಿ ಬಿಟ್ಟವಳು ಅನುರಾಧಾ. "ಕಡೀಗೆ ಆಕಿ ಮನ್ಯಾಗನ ಐತಲ್ಲ ಅವ್ವಾ."

ಅವಳ ಮಾತಿನ ಅರ್ಥ ನಮಗೆಲ್ಲ ತಿಳಿಯಿತು. ಯಾರಾದರೂ ಪೊಲೀಸರಿಗೆ ಹೇಳಿ, ಅವರು ಹೋಗಿ ರೇಣುಕಾಳ ಟ್ರಂಕು ತೆಗೆಸಿದ್ದರೆ ಬುಗುಡಿ ಅಲ್ಲೇ ಸಿಗುತ್ತಿತ್ತು. ಅವಳ ಮಾತನ್ನು ಈ ಜನ್ಮದಲ್ಲಿ ಯಾರೂ ನಂಬುತ್ತಿರಲಿಲ್ಲ. ನನ್ನ ಗಂಡ ಒಳ್ಳೆಯವರೇ, ಆದರೆ ವ್ಯಾಪಾರಸ್ಥರು. "ಅವ್ವಾ, ಹೋಗಿ ಸುಮ್ನ ತಗೊಂಡ್ ಬರೂಣು. ಜೋಳದ ಡಬ್ಯಾಗ ಸಿಕ್ತು ಅಂತ ಹೇಳಿಬಿಡೂಣು. ನಿನ್ನ ಮರ್ಯಾದಿನೂ ಉಳೀತದ" ಎಂದರು.

"ಹಂಗಂದ್ರ ಆಕಿ ಮ್ಯಾಲಿನ ಮಾತು ಹೋಗ್ತದೇನು? ಅಂಜಿ ತಂದು ಇಟ್ಟಾಳ ಅಂತಾರ ಮಂದಿ" ಎಂದರು ಅತ್ತೆ. "ನಡೀರಿ. ಉಡಿ ತುಂಬಿದವ್ರೆಲ್ಲಾ ನಡೀರಿ."

ಹಳಿಯ ಆಚೆ ತಗಡಿನ ಛಾವಣಿಯ ಕೋಣೆಗಳ ಸಾಲಿನಲ್ಲಿ ರೇಣುಕಾಳ ಮನೆ. ಅತ್ತೆಯ ಮೊಣಕಾಲು ಅಷ್ಟು ದೂರ ನಡೆದದ್ದು ಯಾವ ಕಾಲದಲ್ಲೋ. ಬಾಗಿಲಲ್ಲಿ ಎರಡು ಗಂಟು ಕಟ್ಟಿಟ್ಟಿದ್ದರು, ಮರುದಿನ ಊರಿಗೆ ಹೊರಡುವ ಗಾಡಿಗೆ. ಹಂಪಯ್ಯ ನಮ್ಮನ್ನು ಕಂಡು ಎದ್ದು ನಿಂತ. ಅತ್ತೆ ಹೊಸ್ತಿಲ ಹೊರಗೇ ನಿಂತು ಹೇಳಿದರು. "ರೇಣುಕಾ, ಪಂಚಮಿಗೆ ಗುರುದೇವಿ ಕೊಟ್ಟ ಖಣ ಐತೇನವಾ? ಕವರ್ ಬಿಚ್ಚಿಲ್ಲಂದ್ರ ಬಿಚ್ಚಬ್ಯಾಡ, ಹಂಗ ತಗೊಂಡ್ ಬಾ. ಬುಗುಡಿ ಅದ್ರಾಗ ಇಟ್ಟಾಕಿ ನಾನು."

ರೇಣುಕಾ ಒಳಗೆ ಹೋಗಿ ಟ್ರಂಕಿನಿಂದ ಕವರು ತಂದಳು. ಪಿನ್ನು ಹಾಗೇ ಇತ್ತು. ಮೂಲೆಯಲ್ಲಿ ಒಂದರ ಕೆಳಗೊಂದು ಹೆಸರುಗಳು: ಅತ್ತೆಯ ಅಕ್ಷರದಲ್ಲಿ ಪಾರ್ವತೆಮ್ಮ, ನಮ್ಮ ರಾಯಚೂರಿನ ಬೀಗತಿ. ನಳಿನಿಯ ಅಕ್ಷರದಲ್ಲಿ ಸ್ನೇಹಲತಾ, ಅಂದರೆ ನಾನು. ಗುರುದೇವಿಯ ಅಕ್ಷರದಲ್ಲಿ ನಳಿನಿ. ಯಾವ ಪೊಲೀಸಿನವರೂ ಅಂಥ ಪಂಚನಾಮೆ ಬರೆದಿರಲಾರರು. ರೇಣುಕಾ ಮಾತ್ರ ಅದರ ಮೇಲೆ ಯಾರ ಹೆಸರನ್ನೂ ಬರೆದಿರಲಿಲ್ಲ. ಅವಳು ಅದನ್ನು ದಾಟಿಸುವವಳಲ್ಲ, ದೀಪಾವಳಿಗೆ ಹೊಲಿಸಿಕೊಳ್ಳುವವಳಿದ್ದಳು. ಅದನ್ನು ಕೈಯಿಂದ ಕೈಗೆ ದಾಟಿಸಿದ ನಾವು ಮೂವರೂ ತಲೆ ತಗ್ಗಿಸಿದೆವು.

ಪಿನ್ನು ಅವಳೇ ಕಿತ್ತಳು. ಮಡಿಕೆಯಿಂದ ಗುಲಾಬಿ ಕಾಗದ ಜಾರಿತು. ಅವಳು ಅದನ್ನು ಬಿಚ್ಚಿಯೂ ನೋಡದೆ ಅತ್ತೆಯ ಕೈಗಿಟ್ಟಳು. "ಖಣ ನನ್ನ ಉಡ್ಯಾಗ ಬಿದ್ದದ್ದರಿ, ಅದು ನಂದು. ಇದು ನಿಮ್ಮ ತಾಯೀದು" ಎಂದಳು.

"ನಾಳಿಂದ ಕೆಲಸಕ್ಕ ಬಾರವಾ. ನನ್ನ ತಪ್ಪಾತು" ಎಂದರು ಅತ್ತೆ.

"ನನ್ನ ಮುಂದ ಹೇಳಿದ್ರ ಏನ್ ಬಂತ್ರಿ ಅವ್ವಾರ? ನಾ ತಗೊಂಡಿಲ್ಲಂತ ನನಗ ಗೊತ್ತಿತ್ತು. ಗೊತ್ತಿಲ್ಲದವರ ಮುಂದ ಹೇಳ್ರಿ. ನೀವ ಹೇಳ್ಬೇಕು."

ನಿಜ ಹೇಳುತ್ತೇನೆ, ನನಗೆ ಮೊದಲು ಸಿಟ್ಟು ಬಂತು. ಅರವತ್ತೆಂಟು ವರ್ಷದ ಹಿರಿಯರಿಗೆ ಹೀಗೆ ಹೇಳುವುದೇ ಎಂದು. ಅತ್ತೆಗೆ ಬರಲಿಲ್ಲ. ಮರುದಿನ ಎಲ್ಲರೂ ಮನೆಯಲ್ಲಿರುವ ಸಂಜೆಯ ಚಹಾದ ಹೊತ್ತು ನೋಡಿಕೊಂಡು, ರೇಣುಕಾಳನ್ನು ಜೊತೆಗೆ ಕರೆದುಕೊಂಡು ಹೊರಟರು. ಗುರುದೇವಿಯ ಮನೆಯಲ್ಲಿ ಗಂಡಸರೆಲ್ಲ ಕೂತಿದ್ದರು. ಅವರ ಮುಂದೆಯೇ, "ಬುಗುಡಿ ಬಚ್ಚಿಟ್ಟಾಕಿ ನಾನು, ಮರ್ತಾಕಿ ನಾನು. ಈಕಿ ಕಡೆ ಹೋಗಿದ್ದು ನಾವ ಕೊಟ್ಟ ಖಣದಾಗ. ಈಕಿ ಕವರ್ ಸೈತ ಬಿಚ್ಚಿದ್ದಿಲ್ಲ" ಎಂದರು. ಗೊತ್ತಿದ್ದ ನಳಿನಿಯ ಮನೆಯನ್ನೂ ಬಿಡಲಿಲ್ಲ, ಆಕೆಯ ಗಂಡ, ಅತ್ತೆ ಕೇಳಬೇಕಲ್ಲ ಎಂದು. ತೆಲುಗಿನವರ ಮಹಡಿಗೆ ಇನ್ನೂ ಹದಿನೆಂಟು ಮೆಟ್ಟಿಲು. ಕಟಾಂಜನ ಹಿಡಿದು ಒಂದೊಂದಾಗಿ ಏರಿ, ಏದುಸಿರು ಬಿಡುತ್ತ, "ತಪ್ಪು ನಾದಮ್ಮಾ, ಆಮೆದಿ ಕಾದು", ತಪ್ಪು ನನ್ನದು, ಅವಳದಲ್ಲ, ಎಂದು ಅವರ ಭಾಷೆಯಲ್ಲೇ ಹೇಳಿದರು. ಆ ಮನೆಯಾಕೆ ಅಲ್ಲೇ ರೇಣುಕಾಳ ಕೈ ಹಿಡಿದುಕೊಂಡಳು. ಕೊನೆಗೆ ಕೆಳಗೆ ಬಂದು ನಮ್ಮ ಬಾಗಿಲಲ್ಲಿ ನಿಂತು ಮಗಳನ್ನು ಕರೆದರು. ಅನುರಾಧಾಳಿಗೂ ಅದೇ ಮಾತನ್ನು ಒಂದಕ್ಷರ ಬಿಡದೆ ಹೇಳಿದರು. ಅವಳು ಒಳಗೆ ಹೋಗಿ ಚಹಾ ಸೋಸಿ ಮೊದಲ ಲೋಟವನ್ನು ರೇಣುಕಾಳಿಗೆ ಕೊಟ್ಟಳು. ನಾನು ಕೇಳಬೇಕಾದ ಕ್ಷಮೆಯನ್ನು ನಾನೂ ಆಗಲೇ ಕೇಳಿದೆ.

ಈಗ ನಮ್ಮ ಕಟ್ಟಡದಲ್ಲಿ ಯಾರಿಗೆ ಉಡಿ ತುಂಬಿದರೂ ಖಣದ ಕವರು ಬಿಚ್ಚಿ, ಝಾಡಿಸಿ ಕೊಡುತ್ತಾರೆ. ಬಿಚ್ಚಿದ್ದನ್ನು ದಾಟಿಸಲು ಬಾರದು, ಹೀಗಾಗಿ ಎಲ್ಲರೂ ಹೊಲಿಸಿಕೊಳ್ಳತೊಡಗಿದ್ದಾರೆ. ರೇಣುಕಾ ನಾಲ್ಕೂ ಮನೆಗೆ ಬರುತ್ತಾಳೆ. ಮದುವೆಯಲ್ಲಿ ಮೊಮ್ಮಗಳು ಬುಗುಡಿ ಹಾಕಿಕೊಂಡಳು. ಆ ದಿನ ರೇಣುಕಾ ಹಸಿರು ರವಿಕೆ ತೊಟ್ಟು ಮುಂದಿನ ಸಾಲಿನಲ್ಲಿ ಅತ್ತೆಯ ಪಕ್ಕ ಕೂತಿದ್ದಳು.

ಮೊನ್ನೆ ಭಾನುವಾರ ಮಧ್ಯಾಹ್ನ ಇಬ್ಬರೂ ಹೊಸ ಸಿನೆಮಾ ಹಚ್ಚಿದ್ದರು. ಶ್ರೀಮಂತರ ಮನೆಯಲ್ಲಿ ಉಂಗುರ ಕಳೆಯಿತು, ಪೊಲೀಸರು ಅಡುಗೆಯವಳನ್ನು ಜೀಪು ಹತ್ತಿಸಿದರು. ಅತ್ತೆ ರಿಮೋಟು ಒತ್ತಿ ಚಿತ್ರ ನಿಲ್ಲಿಸಿದರು. ರೇಣುಕಾಳ ಕಡೆ ತಿರುಗಿ, "ಹೇಳು. ಈಗ ಆಕಿ ಮನ್ಯಾಗ ಏನ್ ನಡದೈತಿ?" ಎಂದರು.

ರೇಣುಕಾ ಲೋಟ ಕೆಳಗಿಟ್ಟಳು. "ಮೊದಲ ಗಂಡ ಮಾರಿ ನೋಡ್ತಾನ್ರಿ. ಏನೂ ಕೇಳಂಗಿಲ್ಲ, ಬರೇ ನೋಡ್ತಾನ. ಆಮ್ಯಾಲ ಎಲ್ಲಾರೂ ಹೊರಗ ಹೋದಾಗ ಆಕಿ ತನ್ನ ಟ್ರಂಕ್ ತಾನ ತಗದು ನೋಡ್ತಾಳ. ತಗೊಂಡಿಲ್ಲಂತ ಗೊತ್ತಿದ್ರೂ ನೋಡ್ತಾಳ. ನಾನೂ ನೋಡಿದ್ನಿ. ಆ ಖಣ ಎತ್ತಿ ಬಾಜೂಕ ಇಟ್ಟು ಅದ್ರ ಬುಡಕೂ ನೋಡಿದ್ನಿ."

ಅತ್ತೆ ಕೈ ಚಾಚಿ ಅವಳ ಮೊಣಕೈ ಹಿಡಿದರು. ನಾನು ಒಲೆ ಆರಿಸಿ ಬಂದು ಇಬ್ಬರ ಪಕ್ಕ ಕೂತೆ. ರೇಣುಕಾ ಆ ನಾಲ್ಕು ದಿನಗಳ ಕಥೆಯನ್ನು ಮೊದಲಿನಿಂದ ಹೇಳಿದಳು, ನಾವು ನಡುವೆ ಬಾಯಿ ಹಾಕದೆ ಕೇಳಿದೆವು. ಆ ಸಿನೆಮಾದಲ್ಲಿ ಉಂಗುರ ಕದ್ದವರು ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ.